ಸ್ಯಾಕ್ಸೋಫೋನಿನ ಸೀಮೆಯಲ್ಲಿ ಒಂದು ಸುತ್ತು

ದಕ್ಷಿಣ ಕನ್ನಡ ಜಿಲ್ಲೆಯ ಭೂಪಟದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಎಂಬ ಮೂರು ಊರುಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಬಿ.ಸಿ. ರೋಡಿನಿಂದ ಹೆದ್ದಾರಿ ಹಿಡಿದು ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿದರೆ ಗುರುವಾಯನಕೆರೆ; ಅದರಾಚೆ ಬೆಳ್ತಂಗಡಿ. ಗುರುವಾಯನಕೆರೆಗೆ ಹಿಂದಿರುಗಿ ಉತ್ತರಕ್ಕೆ ತಿರುಗಿದರೆ ವೇಣೂರು ಮಾರ್ಗವಾಗಿ ಮೂಡಬಿದಿರೆ. ಅಲ್ಲಿಂದ ಸಿದ್ಧಕಟ್ಟೆಯ ದಾರಿಯಲ್ಲಿ ಮರಳಿ ಬಂಟ್ವಾಳ. ಬೆಳಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಬಸ್ಸಿನಲ್ಲೇ ಮುಗಿಸಬಹುದಾದ ಸುತ್ತು ಇದು.

ಪ್ರವಾಸಕ್ಕೆ ಬಂದವರು ಈ ತ್ರಿಕೋನದಲ್ಲಿ ಕಣ್ಣಿಗೆ ಬೇಕಾದುದನ್ನೆಲ್ಲ ನೋಡಿ ಹೋಗುತ್ತಾರೆ. ಟಿಪ್ಪುವಿನ ಕಾಲದ ಕೋಟೆಯಿರುವ ಗಡಾಯಿಕಲ್ಲು, 1604ರಲ್ಲಿ ನಿಂತ ವೇಣೂರಿನ ಗೊಮ್ಮಟ, 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿ – ಯಾವುದಕ್ಕೂ ಕೊರತೆಯಿಲ್ಲ. ಆದರೆ ಕಿವಿಗೆ ಸಿಗುವ ವಿಶೇಷವೊಂದು ಇಲ್ಲಿದೆ. ದೀಪಾವಳಿಯ ನಂತರದ ತಿಂಗಳುಗಳಲ್ಲಿ ಈ ದಾರಿಯಲ್ಲಿ ಓಡಾಡಿ ನೋಡಿ. ಯಾವುದಾದರೂ ದೇವಸ್ಥಾನದ ಬಲಿ ಉತ್ಸವವೋ, ದೈವದ ನೇಮವೋ, ಬ್ರಹ್ಮಕಲಶದ ಹೊರೆಕಾಣಿಕೆ ಮೆರವಣಿಗೆಯೋ ಎದುರಾಗುತ್ತದೆ. ಡೋಲು, ತಾಸೆಗಳ ನಡುವೆ ಹಿತ್ತಾಳೆಯ ಬಾಗಿದ ಕೊಳವೆಯೊಂದು ಬಿಸಿಲಿಗೆ ಮಿನುಗುತ್ತದೆ. ಅದರಿಂದ ಹೊರಡುವುದು ಮಾತ್ರ ಅಪ್ಪಟ ಕರ್ನಾಟಕ ಸಂಗೀತದ ಕೀರ್ತನೆ. ಬೆಲ್ಜಿಯಂ ದೇಶದವನೊಬ್ಬ ಕಂಡುಹಿಡಿದ, ಮಿಲಿಟರಿ ಬ್ಯಾಂಡುಗಳಲ್ಲಿ ಮೆರೆದ, ಅಮೆರಿಕದ ಜಾಝ್ ಸಂಗೀತದಲ್ಲಿ ಹೆಸರು ಮಾಡಿದ ಸ್ಯಾಕ್ಸೋಫೋನ್ ತುಳುನಾಡಿನ ದೇವರ ಮುಂದೆ ನಡೆಯುತ್ತಿದೆ. ಇದು ಇಷ್ಟು ಸಹಜವಾಗಿ ಹೋಗಿದೆಯೆಂದರೆ, ನಮ್ಮ ಮಕ್ಕಳಲ್ಲಿ ಬಹುಮಂದಿಗೆ ಇದು ಹೊರಗಿನಿಂದ ಬಂದ ವಾದ್ಯವೆಂಬುದೇ ಗೊತ್ತಿಲ್ಲ!

ಇದಕ್ಕೆ ಮುಖ್ಯ ಕಾರಣರಾದ ಕದ್ರಿ ಗೋಪಾಲನಾಥರು ತೀರಿಕೊಂಡದ್ದು 2019ರ ಅಕ್ಟೋಬರ್ 11ರಂದು. ಅಂದಿನಿಂದ ಅವರ ಸ್ಮರಣೆಗೆಂದು ಸಂಗೀತ ಕಾರ್ಯಕ್ರಮಗಳು ನಡೆದಿವೆ, ಭಾಷಣಗಳಾಗಿವೆ. ಆದರೆ ಒಬ್ಬ ಸಂಗೀತಗಾರನನ್ನು ಊರು ನೆನೆಯಬೇಕಾದದ್ದು ಹೇಗೆ? ಈ ಸುತ್ತಿನುದ್ದಕ್ಕೂ ನನ್ನ ಜೊತೆ ಪ್ರಯಾಣ ಮಾಡಿದ್ದು ಇದೇ ಪ್ರಶ್ನೆ.

ನದಿದಂಡೆಯ ಊರು

ಬಿ.ಸಿ. ರೋಡಿನಿಂದ ನೇತ್ರಾವತಿಯನ್ನು ದಾಟಿದರೆ ಪಾಣೆಮಂಗಳೂರು. ಬ್ರಿಟಿಷರ ಕಾಲದ ಹಳೆಯ ಉಕ್ಕಿನ ಸೇತುವೆ ಇನ್ನೂ ಅಲ್ಲಿ ನಿಂತಿದೆ. ಇದರ ಸಮೀಪದಲ್ಲೇ ಸಜಿಪದ ಗ್ರಾಮಗಳಿವೆ. ಸಜಿಪ ಎಂಬ ಒಂದೇ ಹೆಸರಿಗೆ ಮೂಡ, ಪಡು, ನಡು, ಮುನ್ನೂರು ಎಂದು ಬಾಲಗಳು. ಮೂಡವೆಂದರೆ ಪೂರ್ವ, ಪಡುವೆಂದರೆ ಪಶ್ಚಿಮ. ಈ ಸಜಿಪಮೂಡದಲ್ಲಿ 1949ರ ಡಿಸೆಂಬರ್ 6ರಂದು ಗೋಪಾಲನಾಥರು ಹುಟ್ಟಿದರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು, ತಾಯಿ ಗಂಗಮ್ಮ. ಹುಡುಗ ಮೊದಲು ಕಲಿತದ್ದು ತಂದೆಯ ವಾದ್ಯವನ್ನೇ.

ಮುಂದಿನ ಕಥೆ ಅನೇಕರಿಗೆ ಗೊತ್ತಿದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡ ಗೋಪಾಲನಾಥರು ಅದರ ಧ್ವನಿಗೆ ಮಾರುಹೋದರು. ನುಡಿಸಿದರೆ ಇದನ್ನೇ ನುಡಿಸಬೇಕೆಂದು ನಿಶ್ಚಯಿಸಿದರು. ನಿಶ್ಚಯ ಮಾಡಲು ಒಂದು ಗಳಿಗೆ ಸಾಕು. ವಾದ್ಯ ಕೈಗೆ ಒಗ್ಗಲು ಹಿಡಿದದ್ದು ಸುಮಾರು ಎರಡು ದಶಕ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ, ಬಳಿಕ ಮದರಾಸಿನಲ್ಲಿ ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಇವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ತಾನೂ ಜೊತೆಗೂಡಲೇ ಎಂದು ಕೇಳಿ ವೇದಿಕೆಗೆ ಬಂದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರಾಮನೇಡ್ ಕಚೇರಿ. ಅದೇ ವರ್ಷ ಎ.ಆರ್. ರೆಹಮಾನ್ ಸಂಗೀತದ ತಮಿಳು ಚಿತ್ರ 'ಡ್ಯುಯೆಟ್'. 1996ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2004ರಲ್ಲಿ ಪದ್ಮಶ್ರೀ. 2008ರಲ್ಲಿ ಅಮೆರಿಕದ ಭಾರತೀಯ ಮೂಲದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರೊಂದಿಗೆ ಒಂದು ಆಲ್ಬಂ.

ಪ್ರಶಸ್ತಿಗಳ ಈ ಪಟ್ಟಿಯನ್ನು ಯಾವ ಸಭೆಯಲ್ಲೂ ಓದುತ್ತಾರೆ. ಎರಡು ದಶಕದ ಕಷ್ಟವೇನು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ವಿಜ್ಞಾನದ ಮೇಷ್ಟ್ರಾದ ನನಗೆ ಅದೇ ಹೆಚ್ಚು ರುಚಿಸುವ ಭಾಗ.

ತೆಂಗಿನ ಗರಿಯ ಪೀಪಿಯಿಂದ ಸ್ಯಾಕ್ಸೋಫೋನಿಗೆ

ನಮ್ಮ ಊರಿನ ಮಕ್ಕಳು ತೆಂಗಿನ ಮಡಲಿನ ಹಸಿ ಗರಿಯನ್ನು ಸುರುಳಿ ಸುತ್ತಿ ಪೀಪಿ ಮಾಡುತ್ತಾರೆ. ಬಾಯಿಯ ಕಡೆ ಸಪೂರ, ಇನ್ನೊಂದು ಕಡೆ ಅಗಲ. ಸಪೂರದ ತುದಿಗೆ ಗರಿಯ ಚಿಕ್ಕ ತುಂಡನ್ನು ಚಪ್ಪಟೆಯಾಗಿ ಮಡಚಿ ಸಿಕ್ಕಿಸುತ್ತಾರೆ. ಊದಿದರೆ ಆ ಎರಡು ಪದರಗಳು ಕಂಪಿಸಿ ಧ್ವನಿ ಹೊರಡುತ್ತದೆ. ಭೌತಶಾಸ್ತ್ರದ ದೃಷ್ಟಿಯಿಂದ ಇದು ನಾಗಸ್ವರದ ಮರಿ ತಮ್ಮ. ಶಂಕುವಿನ ಆಕಾರದ ಕೊಳವೆ, ಕಂಪಿಸುವ ಜೋಡಿ ನಾಲಗೆ – ಎರಡೂ ಇದರಲ್ಲಿವೆ.

ಸ್ಯಾಕ್ಸೋಫೋನನ್ನು ಈ ವಂಶಕ್ಕೆ ಸೇರಿಸಿ ನೋಡಿ. ಮೈ ಹಿತ್ತಾಳೆಯದಾದರೂ ಅದನ್ನು ತುತ್ತೂರಿಯ ಜಾತಿಗೆ ಸೇರಿಸುವುದಿಲ್ಲ; ಮರದ ವಾದ್ಯಗಳ ಗುಂಪಿನಲ್ಲಿಡುತ್ತಾರೆ. ಏಕೆಂದರೆ ಅದರ ಧ್ವನಿ ಹುಟ್ಟುವುದು ತುಟಿಯ ಕಂಪನದಿಂದಲ್ಲ, ಜೊಂಡು ಜಾತಿಯ ಹುಲ್ಲಿನ ಕಾಂಡದಿಂದ ಕೆತ್ತಿದ ತೆಳುವಾದ ಒಂದು ನಾಲಗೆಯಿಂದ. ಕೊಳವೆ ಇಲ್ಲಿಯೂ ಶಂಕುವಿನಾಕಾರ. ಕ್ಲಾರಿನೆಟ್ಟಿನಂತೆ ಉದ್ದಕ್ಕೂ ಒಂದೇ ಅಗಲದ ಕೊಳವೆಯಾದರೆ, ಒತ್ತಿ ಊದಿದಾಗ ಧ್ವನಿಯ ಆವೃತ್ತಿ ಮೂರು ಪಟ್ಟಿಗೆ ಹಾರುತ್ತದೆ. ಶಂಕುವಿನಾಕಾರದ ಕೊಳವೆಯಲ್ಲಿ ಅದು ಎರಡು ಪಟ್ಟಾಗುತ್ತದೆ. ಎರಡು ಪಟ್ಟೆಂದರೆ ಸರಿಯಾಗಿ ಒಂದು ಸ್ಥಾಯಿ; ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ನೇರ ಜಿಗಿತ. ನಾಗಸ್ವರದಲ್ಲೂ ಹಾಗೆಯೇ. ತೆರೆದ ಬಯಲಿನಲ್ಲಿ, ಡೋಲಿನ ಸದ್ದಿನ ನಡುವೆಯೂ ದೂರಕ್ಕೆ ಕೇಳುವ ಗುಣ ಎರಡಕ್ಕೂ ಇದೆ. ನಾಗಸ್ವರದ ಜಾಗಕ್ಕೆ ಸ್ಯಾಕ್ಸೋಫೋನ್ ಬಂದು ನಿಂತದ್ದು ಬರಿಯ ಫ್ಯಾಷನ್ನಿನಿಂದಲ್ಲ. ಅವೆರಡೂ ದೂರದ ದಾಯಾದಿಗಳು.

ಹಾಗಾದರೆ ಕಷ್ಟವೇನು? ನಾಗಸ್ವರದಲ್ಲಿ ರಂಧ್ರದ ಮೇಲೆ ಬೆರಳೇ ಕುಳಿತಿರುತ್ತದೆ. ಅದನ್ನು ಅರ್ಧ ತೆರೆಯಬಹುದು, ಕಾಲಂಶ ಸರಿಸಬಹುದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಕರ್ನಾಟಕ ಸಂಗೀತದ ಜೀವವಾದ ಗಮಕ ಹುಟ್ಟುವುದು ಈ ಜಾರುವಿಕೆಯಲ್ಲಿ. ಸ್ಯಾಕ್ಸೋಫೋನಿನಲ್ಲಿ ಬೆರಳು ರಂಧ್ರವನ್ನು ಮುಟ್ಟುವುದೇ ಇಲ್ಲ. ಬೆರಳು ಒತ್ತುವುದು ಕೀಲಿಯನ್ನು. ಕೀಲಿ ಸರಳನ್ನು ಎಳೆಯುತ್ತದೆ. ಸರಳು ಮುಚ್ಚಳವನ್ನು ತೆರೆಯುತ್ತದೆ ಇಲ್ಲವೇ ಮುಚ್ಚುತ್ತದೆ. ಮೆಟ್ಟಿಲು ಹತ್ತಿದಂತೆ ಒಂದೊಂದೇ ಸ್ವರ. ಮೆಟ್ಟಿಲಿನ ಮೇಲೆ ಜಾರುಬಂಡಿ ಆಡುವುದು ಹೇಗೆ? ಗೋಪಾಲನಾಥರು ವಾದ್ಯದ ಕೀಲಿಗಳಲ್ಲಿ ಕೆಲವು ಮಾರ್ಪಾಡು ಮಾಡಿಕೊಂಡರು. ಉಳಿದುದನ್ನು ತುಟಿಯ ಬಿಗಿತ, ದವಡೆಯ ಒತ್ತಡ, ಉಸಿರಿನ ಹದಗಳಿಂದ ಸಾಧಿಸಿದರು. ಎರಡು ದಶಕ ಸಂದದ್ದು ಇದಕ್ಕೆ.

ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಅವರು ಹೊಸ ವಾದ್ಯವನ್ನು ಕಂಡುಹಿಡಿಯಲಿಲ್ಲ, ಹೊಸ ಸಂಗೀತವನ್ನೂ ಕಟ್ಟಲಿಲ್ಲ. ಇದ್ದ ಸಂಗೀತಕ್ಕೆ ಒಗ್ಗದ ವಾದ್ಯವನ್ನು ಒಗ್ಗಿಸಿದರು. ಪ್ರಯೋಗಾಲಯದಲ್ಲಿ ನಡೆಯುವ ಕೆಲಸಕ್ಕೂ ಇದಕ್ಕೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಓದುವುದೋ, ಊದುವುದೋ?

ಬಂಟ್ವಾಳದಿಂದ ಬೆಳ್ತಂಗಡಿಯ ಕಡೆ ಸಾಗಿದಂತೆ ಪಶ್ಚಿಮ ಘಟ್ಟದ ನೀಲಿ ಗೋಡೆ ಹತ್ತಿರವಾಗುತ್ತದೆ. ರಸ್ತೆಬದಿಯ ಕಮಾನುಗಳಲ್ಲಿ, ಕಟ್ಟೆಗಳಲ್ಲಿ ಉತ್ಸವದ ಬ್ಯಾನರುಗಳು. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವ ಬಂತೆಂದರೆ ಸುತ್ತಲಿನ ಊರುಗಳಿಗೆಲ್ಲ ಹಬ್ಬದ ಕಳೆ. ಅಲ್ಲಿಂದ ಮೊದಲಾಗಿ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯವರೆಗೆ ವಾದ್ಯದವರಿಗೆ ಬಿಡುವೆಂಬುದಿಲ್ಲ. ಪತ್ತನಾಜೆಗೆ ಯಕ್ಷಗಾನ ಮೇಳಗಳ ಗೆಜ್ಜೆ ಬಿಚ್ಚುತ್ತದೆ, ಉತ್ಸವ ನೇಮಗಳು ನಿಲ್ಲುತ್ತವೆ. ಮಳೆ ಹಿಡಿಯುತ್ತದೆ. ಬಳಿಕ ದೀಪಾವಳಿಯವರೆಗೆ ಮದುವೆ, ಗೃಹಪ್ರವೇಶಗಳಷ್ಟೇ ಆಧಾರ.

ಸೇವೆಯ ಈ ತಿಂಗಳುಗಳಲ್ಲೇ ಶಾಲೆಗಳಲ್ಲಿ ಪರೀಕ್ಷೆ ಬರುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆಯದು ಸ್ಯಾಕ್ಸೋಫೋನ್ ಸೆಟ್ಟು. ಹುಡುಗ ರಾತ್ರಿ ಅಪ್ಪನ ಜೊತೆ ಉತ್ಸವಕ್ಕೆ ಹೋಗಿ, ಬೆಳಗ್ಗೆ ಕೊನೆಯ ಬೆಂಚಿನಲ್ಲಿ ಕಣ್ಣು ಎಳೆದುಕೊಂಡು ಕೂರುತ್ತಿದ್ದ. ಆದರೆ ಧ್ವನಿಯ ಪಾಠದ ದಿನ ಅವನಷ್ಟು ಚುರುಕಾಗಿ ಉತ್ತರ ಕೊಟ್ಟವರಿಲ್ಲ. ಕೊಳವೆ ಉದ್ದವಾದಂತೆ ಸ್ವರ ಏಕೆ ಇಳಿಯುತ್ತದೆ ಎಂದು ಕೇಳಿದಾಗ, ಎದ್ದು ನಿಂತು ಬೆರಳಾಡಿಸಿ ತೋರಿಸಿದ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದಾಗ ಅವನ ತಂದೆಯನ್ನು ಕರೆಸಿ ಮಾತಾಡಿದೆ. ರಾತ್ರಿಯ ಕಾರ್ಯಕ್ರಮ ಎರಡು ತಿಂಗಳು ಬಿಡಿಸಿ ಎಂದಷ್ಟೇ ಕೇಳುವುದು ನನ್ನ ಉದ್ದೇಶವಾಗಿತ್ತು.

ಅವರು ಹೇಳಿದ್ದು ಬೇರೆ. "ಎರಡು ತಿಂಗಳು ಯಾಕೆ ಮಾಸ್ಟ್ರೇ, ಪೂರ್ತಿ ಬಿಡಿಸುವ ಅಂತಲೇ ಉಂಟು ನನಗೆ. ಅವ ಓದಲಿ. ಊದಿದ್ದು ನನ್ನ ಕಾಲಕ್ಕೆ ಸಾಕು."

"ಚೆನ್ನಾಗಿ ನುಡಿಸ್ತಾನಲ್ಲ ನಿಮ್ಮ ಮಗ?" ಎಂದೆ.

"ನುಡಿಸ್ತಾನೆ. ಅದೇ ಹೆದರಿಕೆ" ಎಂದರು. "ಆರು ತಿಂಗಳು ನಿದ್ರೆ ಇಲ್ಲ, ಆರು ತಿಂಗಳು ಕೆಲಸ ಇಲ್ಲ. ದೇವರ ಬಲಿ ಹೊರಟಾಗ ಎಲ್ಲರಿಗೂ ನಾವು ಬೇಕು. ಬಲಿ ಮುಗಿದ ಮೇಲೆ ಊಟ ಆಯ್ತಾ ಅಂತ ಕೇಳುವವರು ಎಲ್ಲ ಕಡೆ ಇರುವುದಿಲ್ಲ. ಗೋಪಾಲನಾಥರು ಒಬ್ಬರೇ ಮಾಸ್ಟ್ರೇ, ಎಲ್ಲರೂ ಗೋಪಾಲನಾಥರು ಆಗುವುದಿಲ್ಲ."

ಈ ಮಾತಿಗೆ ಸುಲಭದ ಉತ್ತರವಿಲ್ಲ. ನಾನೂ ಕೊಡಲು ಹೋಗಲಿಲ್ಲ. ಹುಡುಗ ಪರೀಕ್ಷೆ ಮುಗಿಸಿ ಒಳ್ಳೆಯ ಅಂಕ ಪಡೆದು ಪಿ.ಯು. ಕಾಲೇಜಿಗೆ ಸೇರಿದ. ರಜೆಯಲ್ಲಿ ಅಪ್ಪನ ಜೊತೆ ಹೋಗುವುದುಂಟು ಎಂದು ಕೇಳಿದ್ದೇನೆ. ಆದರೆ ಆ ತಂದೆಯ ಮಾತಿನಲ್ಲಿ ಇಡೀ ಸೀಮೆಯ ಪ್ರಶ್ನೆ ಅಡಗಿದೆ. ಸಂಸ್ಮರಣೆಯ ಸಭೆಯಲ್ಲಿ ನಾವು ಹಾರ ಹಾಕುವುದು ಗೋಪಾಲನಾಥರ ಭಾವಚಿತ್ರಕ್ಕೆ. ಅದೇ ಹೊತ್ತಿಗೆ ಅವರ ವಾದ್ಯ ಹಿಡಿದ ಮನೆಯೊಳಗೆ, ಮಗನ ಕೈಯಿಂದ ಅದನ್ನು ಬಿಡಿಸುವ ಯೋಚನೆ ನಡೆದಿರುತ್ತದೆ.

ಮೂಡಬಿದಿರೆಯ ಇನ್ನೊಂದು ದನಿ

ಗುರುವಾಯನಕೆರೆಯಿಂದ ವೇಣೂರಿನ ದಾರಿ ಹಿಡಿದರೆ ತೋಟ, ಗದ್ದೆ, ರಬ್ಬರಿನ ಸಾಲು. ವೇಣೂರಿನ ಗೊಮ್ಮಟನಿಗೆ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. 2024ರಲ್ಲಿ ಅದು ನಡೆಯಿತು. ಕಲ್ಲಿನ ಮೂರ್ತಿಗೂ ಆಗಾಗ ಹೊಸ ನೀರು, ಹೊಸ ಹಾಲು ಬೇಕೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಸ್ಮರಣೆಯೆಂದರೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

ಮೂಡಬಿದಿರೆಗೆ ಬಂದಾಗ ನೆನಪಾಗುವುದು ಇನ್ನೊಂದು ದನಿ. ಕಟೀಲು ಮೇಳದ ಹಿರಿಯ ಭಾಗವತ ಬಲಿಪ ನಾರಾಯಣ ಭಾಗವತರು ನೆಲೆಸಿದ್ದು ಇಲ್ಲಿಗೆ ಸಮೀಪದ ಮಾರೂರಿನಲ್ಲಿ. ಹುಟ್ಟಿದ್ದು ಕಾಸರಗೋಡು ಸೀಮೆಯ ಪಡ್ರೆಯಲ್ಲಿ, 1938ರಲ್ಲಿ. ತೀರಿಕೊಂಡದ್ದು 2023ರ ಫೆಬ್ರವರಿಯಲ್ಲಿ. ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತರೇ. ಅಜ್ಜನಿಂದ ಬಂದ ಹಾಡುಗಾರಿಕೆಯ ಪದ್ಧತಿಯನ್ನು ಮೊಮ್ಮಗ ಏರು ಶ್ರುತಿಯ ಕಂಠದಲ್ಲಿ ಕೊನೆಯವರೆಗೆ ಉಳಿಸಿಕೊಂಡರು. ಅನೇಕ ಪ್ರಸಂಗಗಳು ಅವರಿಗೆ ಬಾಯಿಪಾಠ. ಸ್ವತಃ ಪ್ರಸಂಗಗಳನ್ನೂ ಬರೆದರು. ಐದು ದಿನ ಆಡುವ 'ದೇವೀಮಹಾತ್ಮೆ' ಅವರ ರಚನೆ.

ಗೋಪಾಲನಾಥರೂ ಬಲಿಪರೂ ಒಂದು ರೀತಿಯಲ್ಲಿ ಎದುರು ಬದುರು. ಒಬ್ಬರು ಪರದೇಶದ ವಾದ್ಯವನ್ನು ನಮ್ಮದಾಗಿಸಿದರು. ಇನ್ನೊಬ್ಬರು ಮನೆಯಿಂದ ಬಂದದ್ದನ್ನು ಕೆಡದಂತೆ ಕಾದರು. ಆದರೆ ಇಬ್ಬರ ಹಿಂದೆಯೂ ಒಂದೇ ಸಂಗತಿಯಿದೆ. ಕಲಿಸುವ ಒಬ್ಬ ತಂದೆ ಅಥವಾ ಅಜ್ಜ ಮನೆಯಲ್ಲೇ ಇದ್ದರು. ಆ ಕೊಂಡಿ ಕಳಚಿದರೆ ಹೊಸತೂ ಉಳಿಯುವುದಿಲ್ಲ, ಹಳತೂ ಉಳಿಯುವುದಿಲ್ಲ. ಸ್ಯಾಕ್ಸೋಫೋನ್ ಬಂದ ಸಂಭ್ರಮದಲ್ಲಿ ನಾಗಸ್ವರ ಹಲವು ಕಡೆ ಮೂಲೆ ಸೇರಿತೆಂಬುದನ್ನೂ ಇಲ್ಲಿ ಹೇಳಬೇಕು. ಯಾರೂ ಅದನ್ನು ಓಡಿಸಲಿಲ್ಲ. ಕಲಿಯುವ ಮಕ್ಕಳು ಕಡಿಮೆಯಾದರು, ಅಷ್ಟೆ. ಸ್ಯಾಕ್ಸೋಫೋನಿಗೆ ಆ ಗತಿ ಬಾರದೆಂದು ಹೇಳುವವರಾರು?

ನಮ್ಮ ಸಂಸ್ಮರಣೆ, ಅವರ ಸಂಸ್ಮರಣೆ

ನಮ್ಮ ಕಡೆಯ ಸಂಸ್ಮರಣಾ ಸಭೆಯ ಸ್ವರೂಪ ಎಲ್ಲರಿಗೂ ಪರಿಚಿತ. ವೇದಿಕೆಯ ಒಂದು ಬದಿಯಲ್ಲಿ ಮಲ್ಲಿಗೆ ಮಾಲೆ ಹಾಕಿದ ಭಾವಚಿತ್ರ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ, ಸಂಸ್ಮರಣಾ ಭಾಷಣ. ಆಮೇಲೆ ಸನ್ಮಾನ – ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ, ಸನ್ಮಾನಪತ್ರದ ವಾಚನ. ಅತಿಥಿಗಳ ಮಾತು ಒಂದರ ಹಿಂದೊಂದು. ಕಲಾವಿದರು ತೆರೆಯ ಹಿಂದೆ ಶ್ರುತಿ ಹಿಡಿದು ಕಾಯುತ್ತಿರುತ್ತಾರೆ. ಗಂಟೆ ಒಂಬತ್ತಾದಾಗ, "ಸಮಯದ ಅಭಾವದಿಂದ ಮುಕ್ಕಾಲು ಗಂಟೆಯಲ್ಲಿ ಮುಗಿಸಬೇಕು" ಎಂಬ ಚೀಟಿ ಅವರ ಕೈಗೆ ಬರುತ್ತದೆ. ಸಂಗೀತಗಾರನ ನೆನಪಿನ ಸಭೆಯಲ್ಲಿ ಸಂಗೀತಕ್ಕೇ ಸಮಯದ ಅಭಾವ!

ಹಾಗೆಂದು ಈ ಸಭೆಗಳನ್ನು ಹಗುರವಾಗಿ ಕಾಣುವಂತಿಲ್ಲ. ಕೈಯಿಂದ ಹಣ ಹಾಕಿ, ಮನೆಮನೆಗೆ ಆಮಂತ್ರಣ ಹಂಚಿ, ಕುರ್ಚಿ ಜೋಡಿಸಿ, ಬಂದವರಿಗೆ ಚಾ ಕೊಟ್ಟು ಇವನ್ನು ನಡೆಸುವವರು ಊರಿನ ಸಾಮಾನ್ಯ ಜನ. ಸನ್ಮಾನದ ಶಾಲು ಹೊದ್ದ ವೃದ್ಧ ವಾದ್ಯಗಾರನ ಕಣ್ಣು ತೇವವಾದದ್ದನ್ನು ನಾನು ಕಂಡಿದ್ದೇನೆ. ಗೌರವ ಬೇಕು. ಅದಕ್ಕೆ ಇನ್ನೇನು ಸೇರಿಸಬಹುದೆಂಬುದಷ್ಟೇ ನನ್ನ ಪ್ರಶ್ನೆ.

ಹೊರಗಿನ ಎರಡು ಉದಾಹರಣೆ ನೋಡೋಣ. ಸ್ಯಾಕ್ಸೋಫೋನ್ ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ 1814ರಲ್ಲಿ ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ ಹುಟ್ಟಿದ. 1846ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ವಾದ್ಯಕ್ಕೆ ಪೇಟೆಂಟ್ ಪಡೆದ. ಬಂಟ್ವಾಳದಂತೆ ದಿನಾಂ ಕೂಡ ನದಿದಂಡೆಯ ಸಣ್ಣ ಊರು. ಮ್ಯೂಸ್ ನದಿ ಅಲ್ಲಿ ಹರಿಯುತ್ತದೆ. ಊರಿನ ಸೇತುವೆಯ ಮೇಲೆ ಆಳೆತ್ತರಕ್ಕೂ ಮೀರಿದ ಬಣ್ಣದ ಸ್ಯಾಕ್ಸೋಫೋನುಗಳನ್ನು ನಿಲ್ಲಿಸಿದ್ದಾರೆ. ಬೆಂಚಿನ ಮೇಲೆ ಕುಳಿತ ಸ್ಯಾಕ್ಸನ ಪ್ರತಿಮೆಯೂ ಇದೆ. ಇಷ್ಟಕ್ಕೇ ನಿಲ್ಲದೆ, ಅವನು ಕಣ್ಮುಚ್ಚಿ ನೂರು ವರ್ಷ ತುಂಬಿದ 1994ರಲ್ಲಿ ಯುವ ವಾದಕರಿಗಾಗಿ ಅವನ ಹೆಸರಿನ ಅಂತರರಾಷ್ಟ್ರೀಯ ಸ್ಪರ್ಧೆಯೊಂದನ್ನು ಆರಂಭಿಸಿದರು. ಪ್ರತಿಮೆಯ ಊರಿಗೆ ಸ್ಪರ್ಧೆಯ ನೆಪದಲ್ಲಿ ಹೊಸ ಉಸಿರು ಬರತೊಡಗಿತು.

ಇನ್ನೊಂದು ಅಮೆರಿಕದ ಲೂಯಿಸಿಯಾನಾದ್ದು. ಅಲ್ಲಿ ಕೇಜನ್ ಎಂಬ ಫ್ರೆಂಚ್ ಮಾತಾಡುವ ಜನರಿದ್ದಾರೆ. ಹದಿನೆಂಟನೆಯ ಶತಮಾನದಲ್ಲಿ ಬ್ರಿಟಿಷರು ಇವರ ಹಿರಿಯರನ್ನು ಕೆನಡಾದ ಕರಾವಳಿಯಿಂದ ಹೊರಹಾಕಿದ್ದರು. ನಮ್ಮವರು ಸ್ಯಾಕ್ಸೋಫೋನನ್ನು ಒಲಿಸಿಕೊಂಡಂತೆ ಇವರು ಜರ್ಮನಿಯಿಂದ ಬಂದ ಅಕಾರ್ಡಿಯನ್ ವಾದ್ಯವನ್ನು ತಮ್ಮದಾಗಿಸಿಕೊಂಡರು. ಇವರಲ್ಲಿ ಡ್ಯೂಯಿ ಬಾಲ್ಫಾ ಎಂಬ ಪಿಟೀಲು ವಾದಕನಿದ್ದ. ಹೊಟ್ಟೆಪಾಡಿಗೆ ಶಾಲಾ ಬಸ್ಸು ನಡೆಸಿದವನು. ಹೊಸ ತಲೆಮಾರು ತನ್ನವರ ಭಾಷೆಯನ್ನೂ ಹಾಡನ್ನೂ ಬಿಡುತ್ತಿದ್ದ ಕಾಲದಲ್ಲಿ, 1964ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಹೋಗಿ ಬಂದ ಮೇಲೆ ಶಾಲೆ ಶಾಲೆಗಳಲ್ಲಿ ಅದನ್ನು ನುಡಿಸಿ ಕಲಿಸುವುದೇ ಅವನ ಕೆಲಸವಾಯಿತು. 1992ರಲ್ಲಿ ಅವನು ತೀರಿಕೊಂಡ. ಬಳಿಕ ಮಗಳು ಕ್ರಿಸ್ಟೀನ್ ಮತ್ತು ಗೆಳೆಯರು ಅವನ ಸ್ಮರಣೆಗೆ ಒಂದು ವಾರದ ಶಿಬಿರ ಏರ್ಪಡಿಸಿದರು. ಅಲ್ಲಿ ಭಾಷಣಕ್ಕಿಂತ ಪಾಠ ಹೆಚ್ಚು. ಹಿರಿಯರು, ಕಿರಿಯರು ಒಟ್ಟಿಗೆ ಉಳಿದು ಬೆಳಗ್ಗೆ ಪಿಟೀಲು, ಅಕಾರ್ಡಿಯನ್ ಕಲಿಯುತ್ತಾರೆ. ಸಂಜೆ ಊಟ, ಕುಣಿತ. ಬಂದವನು ಹಿಂದಿರುಗುವಾಗ ಬಾಲ್ಫಾನ ಬಗೆಗಿನ ಮಾತನ್ನಷ್ಟೇ ಅಲ್ಲ, ಅವನ ಒಂದೆರಡು ಧಾಟಿಗಳನ್ನು ಬೆರಳಲ್ಲಿ ಇಟ್ಟುಕೊಂಡು ಹೋಗುತ್ತಾನೆ.

ಮಳೆಗಾಲದ ಪಾಠಶಾಲೆ

ನಮ್ಮಲ್ಲಿ ಇದು ಆಗದ ಮಾತೇ? ಖಂಡಿತ ಅಲ್ಲ. ಪಂಚಾಂಗವೇ ಅದಕ್ಕೆ ಅನುಕೂಲವಾಗಿದೆ. ಪತ್ತನಾಜೆಯಿಂದ ದೀಪಾವಳಿಯವರೆಗೆ ವಾದಕರಿಗೆ ಕೆಲಸ ಕಡಿಮೆ. ಇದೇ ಜೂನಿನಿಂದ ಅಕ್ಟೋಬರಿನವರೆಗೆ ಶಾಲೆಗಳಲ್ಲಿ ದೊಡ್ಡ ಪರೀಕ್ಷೆಗಳ ಗಡಿಬಿಡಿ ಇರುವುದಿಲ್ಲ. ಭಾನುವಾರ ಬೆಳಗ್ಗೆ ಎರಡು ಗಂಟೆ, ಶಾಲೆಯ ಒಂದು ಕೋಣೆ ಅಥವಾ ಭಜನಾ ಮಂದಿರದ ಜಗಲಿ ಸಾಕು. ಸೀಮೆಯ ವಾದಕರೊಬ್ಬರು ಗುರುಗಳು. ಅವರಿಗೆ ಮಳೆಗಾಲದ ತಿಂಗಳುಗಳಿಗೆ ತಕ್ಕ ಗೌರವಧನ – ಅದು ಸನ್ಮಾನದ ಶಾಲಿಗಿಂತ ಬೆಚ್ಚಗಿರುತ್ತದೆ. ಸ್ಯಾಕ್ಸೋಫೋನ್ ಬೆಲೆ ಎಲ್ಲ ಮನೆಗಳ ಕೈಗೆ ಎಟುಕುವಂಥದ್ದಲ್ಲ, ನಿಜ. ಸಮಿತಿಗಳು ವರ್ಷಕ್ಕೊಂದು ವಾದ್ಯ ಕೊಂಡು, ಗ್ರಂಥಾಲಯದ ಪುಸ್ತಕದಂತೆ ಮಕ್ಕಳಿಗೆ ಎರವಲು ಕೊಡಬಹುದಲ್ಲ?

ಗೋಪಾಲನಾಥರ ಪುಣ್ಯತಿಥಿ ಬರುವುದು ಅಕ್ಟೋಬರಿನಲ್ಲಿ, ಮಳೆ ಹಿಂದೆಗೆಯುವ ಹೊತ್ತಿಗೆ. ಜನ್ಮದಿನ ಡಿಸೆಂಬರಿನಲ್ಲಿ, ಉತ್ಸವಗಳು ಆರಂಭವಾದ ಮೇಲೆ. ಮಳೆಗಾಲದಲ್ಲಿ ಕಲಿತ ಮಕ್ಕಳು ಅಕ್ಟೋಬರಿನ ಸಂಸ್ಮರಣೆಯಲ್ಲಿ ಮೊದಲ ಬಾರಿಗೆ ನಾಲ್ಕು ಜನರ ಮುಂದೆ ನುಡಿಸಲಿ. ತಪ್ಪಿದರೂ ತಪ್ಪಲಿ. ಆ ದಿನ ಭಾಷಣಗಳು ಮುಕ್ಕಾಲು ಗಂಟೆಯಲ್ಲಿ ಮುಗಿಯಲಿ.

ಹೆತ್ತವರಲ್ಲಿ ಒಂದು ಮಾತು. ಸಂಗೀತ ಕಲಿತರೆ ಅಂಕ ಕಡಿಮೆಯಾಗುತ್ತದೆಂಬ ಭಯ ಅನೇಕರಿಗಿದೆ. ಮಗು ವಾದಕನೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಆ ತಂದೆಯ ಚಿಂತೆ ನ್ಯಾಯವಾದದ್ದು; ಹೊಟ್ಟೆಪಾಡನ್ನು ಕಡೆಗಣಿಸಿ ಕಲೆಯ ಉಪದೇಶ ಮಾಡಬಾರದು. ಆದರೆ ಓದುವುದು, ಊದುವುದು ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ. ಇಂಜಿನಿಯರ್ ಆದವನು ಊರಿನ ಉತ್ಸವದ ದಿನ ರಜೆ ಹಾಕಿ ಬಂದು ದೇವರ ಮುಂದೆ ಒಂದು ಕೀರ್ತನೆ ನುಡಿಸಿದರೆ ಅದೂ ಪರಂಪರೆಯೇ. ಹೆಣ್ಣುಮಕ್ಕಳಿಗೆ ಇದು ಹೇಳಿದ್ದಲ್ಲ ಎನ್ನುವ ಮಾತೂ ನಿಲ್ಲುವುದಿಲ್ಲ. ಬೆಂಗಳೂರಿನ ಸಹೋದರಿಯರಾದ ಎಂ.ಎಸ್. ಸುಬ್ಬಲಕ್ಷ್ಮಿ ಮತ್ತು ಎಂ.ಎಸ್. ಲಾವಣ್ಯ ಗೋಪಾಲನಾಥರಲ್ಲಿ ಕಲಿತು ವೇದಿಕೆಗಳಲ್ಲಿ ಹೆಸರು ಗಳಿಸಿದವರು.

ಸಂಜೆ ಸಿದ್ಧಕಟ್ಟೆಯ ದಾರಿಯಲ್ಲಿ ಬಂಟ್ವಾಳಕ್ಕೆ ಮರಳುವಾಗ ಗೋಪಾಲನಾಥರ ಬದುಕಿನ ಒಂದು ಚಿಕ್ಕ ವಿವರ ನೆನಪಾಯಿತು. ಅವರ ಆರಂಭದ ದಿನಗಳ ಗಮನಾರ್ಹ ಕಚೇರಿ ನಡೆದದ್ದು ಚೆಂಬೈ ಸ್ಮಾರಕ ಟ್ರಸ್ಟಿನ ಆಶ್ರಯದಲ್ಲಿ. 1974ರಲ್ಲಿ ತೀರಿಕೊಂಡ ಗಾಯಕ ಚೆಂಬೈ ವೈದ್ಯನಾಥ ಭಾಗವತರ ಹೆಸರಿನ ಸಂಸ್ಥೆ ಅದು. ಟಿ.ವಿ. ಗೋಪಾಲಕೃಷ್ಣನ್ ಆ ಚೆಂಬೈಯವರ ಶಿಷ್ಯರು. ಎಂದರೆ, ತೀರಿಹೋದ ಒಬ್ಬ ಸಂಗೀತಗಾರನ ಹೆಸರಿನ ವೇದಿಕೆ, ವಿಚಿತ್ರ ವಾದ್ಯವೊಂದನ್ನು ಹಿಡಿದು ಬಂದ ಸಜಿಪದ ಯುವಕನಿಗೆ ಬಾಗಿಲು ತೆರೆಯಿತು. ಆ ದಿನ ಅಲ್ಲಿ ಬರಿಯ ಭಾವಚಿತ್ರ, ಬರಿಯ ಭಾಷಣ ಇದ್ದಿದ್ದರೆ?

ನಮ್ಮ ಸಂಸ್ಮರಣೆಗಳ ವೇದಿಕೆಯಲ್ಲೂ ಒಂದು ಬಾಗಿಲು ಇರಲಿ. ಅದರ ಹೊರಗೆ ಯಾವ ಊರಿನ ಯಾವ ಮಗು ಕಾಯುತ್ತಿದೆಯೋ ಯಾರು ಬಲ್ಲರು!